ಎಡಗಾಲಿನ ಸದ್ದು

ಬೂಟು ಕೊಳ್ಳುವುದಾದರೆ ಸಂಜೆ ಬನ್ನಿ ಎಂದು ಎಲ್ಲರಿಗೂ ಹೇಳುತ್ತೇನೆ. ಯಾರೂ ಕೇಳುವುದಿಲ್ಲ. ಬೆಳಗ್ಗೆ ಕಾಲು ತೆಳ್ಳಗಿರುತ್ತದೆ, ದಿನವೆಲ್ಲ ನಿಂತು ನಡೆದ ಮೇಲೆ ಊದಿಕೊಳ್ಳುತ್ತದೆ. ಬೆಳಗ್ಗೆ ಅಳತೆಗೆ ಸರಿಯಾಗಿ ಕೂತ ಬೂಟು ಸಂಜೆ ಕಚ್ಚುತ್ತದೆ. ಮಾರನೆಯ ದಿನ ಅದನ್ನು ತಂದು ಮೇಜಿನ ಮೇಲೆ ಕುಕ್ಕಿ ನನ್ನ ಮೇಲೆ ಹಾರಾಡುತ್ತಾರೆ. ಇಪ್ಪತ್ತಾರು ವರ್ಷದಿಂದ ಇದೇ ಅಂಗಡಿಯಲ್ಲಿ, ಇದೇ ಗಿಡ್ಡ ಸ್ಟೂಲಿನ ಮೇಲೆ ಕೂತು ಜನರ ಪಾದಗಳನ್ನು ನೋಡುತ್ತಿದ್ದೇನೆ. ಮುಖ ಮರೆತುಬಿಡುತ್ತೇನೆ, ಕಾಲು ಮರೆಯುವುದಿಲ್ಲ. ಮಾಷ್ಟ್ರ ಎಡಗಾಲನ್ನಂತೂ ಸಾಯುವವರೆಗೂ ಮರೆಯಲಾರೆ.

ಅವರು ಬಂದದ್ದು ಬೆಳಗ್ಗೆ ಒಂಬತ್ತೂವರೆಗೆ. ಸಂಜೆ ಬನ್ನಿ ಎಂದರೆ ಕೇಳುವ ಪೈಕಿಯೇ ಅಲ್ಲ. ಸಂಬಂಧದಲ್ಲಿ ನನಗೆ ಷಡ್ಡಕ. ಅವರ ಹೆಂಡತಿ ಅಕ್ಕ, ನನ್ನ ಹೆಂಡತಿ ತಂಗಿ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿ ನಿವೃತ್ತರಾದವರು. ಊರಿಗೆಲ್ಲ ಮಾಷ್ಟ್ರು, ಹಾಗಾಗಿ ನನಗೂ ಮಾಷ್ಟ್ರೇ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. ನಾಲ್ಕನೆಯ ಕಾಲು ತೋರಿಸಿದರೆ ಮೊಲವನ್ನೇ ಫೇಲು ಮಾಡಿಬಿಡುತ್ತಾರೆ.

ಅವರ ಮೇಲೆ ನನಗೊಂದು ಹಳೆಯ ಸಿಟ್ಟಿತ್ತು. ಹದಿನೆಂಟು ವರ್ಷದ ಹಿಂದೆ ಮಾವನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ ಹೊಸ ನೆಂಟರೊಬ್ಬರು ನನ್ನ ಉದ್ಯೋಗ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಾಷ್ಟ್ರು, "ನಮ್ಮ ಷಡ್ಡಕಂಗೆ ಕಂಡವರ ಕಾಲು ಹಿಡಿಯೋದೇ ಉದ್ಯೋಗ" ಎಂದರು. ಇಡೀ ಪಂಕ್ತಿ ನಕ್ಕಿತು. ನಕ್ಕವರಲ್ಲಿ ನನ್ನ ಹೆಂಡತಿಯೂ ಇದ್ದಳು. ನಗದವರು ಒಬ್ಬರೇ, ಮಾಷ್ಟ್ರ ಹೆಂಡತಿ, ನನ್ನ ಅತ್ತಿಗೆ. ಅವರು ನನ್ನ ತಟ್ಟೆಗೆ ಇನ್ನೊಂದು ಸೌಟು ಅನ್ನ ಬಡಿಸಿ, "ಇವರ ಕಾಲನ್ನ ಒಂದು ದಿನ ಹಿಡಿದು ನೋಡಿ, ಆಗ ಗೊತ್ತಾಗುತ್ತೆ ಎಷ್ಟು ಕಷ್ಟ ಅಂತ" ಎಂದು ಮಾತು ತಿರುಗಿಸಿದರು. ಆ ಒಂದು ಸೌಟಿನ ಅನ್ನ ನನಗೆ ಇವತ್ತಿಗೂ ನೆನಪಿದೆ.

ನಿವೃತ್ತಿಯಾದ ಮೇಲೆ ಮಾಷ್ಟ್ರಿಗೆ ಚಿನ್ನದ ಹುಚ್ಚು ಹಿಡಿಯಿತು. ನಮ್ಮ ಊರಾಚೆ ಬತ್ತಿದ ಹೊಳೆಯ ಪಾತ್ರವೊಂದಿದೆ, ಬರೀ ಕಲ್ಲು ಬಯಲು. ಹಿಂದೆ ಯಾವಾಗಲೋ ಹೊಳೆ ಬೆಟ್ಟದಿಂದ ಕೊಚ್ಚಿಕೊಂಡು ಬಂದ ಚಿನ್ನದ ಚೂರುಗಳು ಅಲ್ಲಿ ಅಪರೂಪಕ್ಕೆ ಸಿಗುತ್ತವೆ. ಕಚೇರಿಯಲ್ಲಿ ಪರವಾನಗಿ ಚೀಟಿ ಮಾಡಿಸಿಕೊಂಡು ಹತ್ತಿಪ್ಪತ್ತು ಜನ ಡಿಟೆಕ್ಟರ್ ಹಿಡಿದು ಸುತ್ತುತ್ತಿರುತ್ತಾರೆ. ಉದ್ದನೆಯ ಕೋಲು, ತುದಿಯಲ್ಲಿ ಊಟದ ತಟ್ಟೆಯಷ್ಟು ದೊಡ್ಡ ಬಿಲ್ಲೆ. ಅದನ್ನು ನೆಲಕ್ಕೆ ಸವರಿದಂತೆ ಎಡಕ್ಕೂ ಬಲಕ್ಕೂ ಬೀಸುತ್ತ ನಡೆಯಬೇಕು, ಅಡಿಯಲ್ಲಿ ಲೋಹವಿದ್ದರೆ ಕೂಗುತ್ತದೆ. ನಾನು ಅವರನ್ನು ಬೀಪ್ ಮಂದಿ ಎನ್ನುತ್ತೇನೆ. ಅವರಿಗೆ ಬೂಟು ಕೊಡುವವನು ನಾನೇ. ಬೂಟಿನ ಮೂತಿಯಲ್ಲಿ ಉಕ್ಕಿನ ಟೋಪಿ ಇರಬಾರದು, ಅಂಗಾಲಿನಡಿ ಉಕ್ಕಿನ ಪಟ್ಟಿ ಇರಬಾರದು, ಲೇಸಿನ ತೂತಿಗೆ ರಿಂಗು, ಹಿಮ್ಮಡಿಗೆ ಮೊಳೆ, ಪಕ್ಕದಲ್ಲಿ ಜಿಪ್ಪು ಯಾವುದೂ ಇರಬಾರದು. ಇದ್ದರೆ ಯಂತ್ರ ನೆಲವನ್ನು ಬಿಟ್ಟು ಕಾಲನ್ನು ನೋಡಿ ಕೂಗುತ್ತದೆ.

"ಲೋಹ ಇರಬಾರದು. ಒಂದು ಗುಂಡುಸೂಜಿಯಷ್ಟೂ ಇರಬಾರದು. ಅರ್ಥ ಆಯ್ತಾ?" ಎಂದರು ಮಾಷ್ಟ್ರು, ಕುರ್ಚಿಯಲ್ಲಿ ಕೂತು ಕಾಲು ಚಾಚುತ್ತ.

"ಆಯ್ತು ಮಾಷ್ಟ್ರೇ. ಬಯಲಿಗೆ ಹೋಗೋರಿಗೆಲ್ಲ ನಾನೇ ಕೊಡೋದು."

"ಎಲ್ಲರಿಗೂ ಕೊಡೋದನ್ನ ನನಗೆ ಕೊಡಬೇಡ. ಸರಿಯಾದ್ದು ಕೊಡು."

ನಾಲ್ಕು ಜೊತೆ ತೆಗೆದಿಟ್ಟೆ. ಒಂದು ಭಾರ, ಒಂದು ಬಿಗಿ, ಒಂದಕ್ಕೆ ಹಿಂದುಗಡೆ ಒಂದೇ ಒಂದು ರಿಂಗು ಇದೆ ಎಂದು ಅವರೇ ಹುಡುಕಿ ತೆಗೆದು ಕುಣಿದಾಡಿದರು. ನಾಲ್ಕನೆಯದು ನಿಜಕ್ಕೂ ಒಳ್ಳೆಯ ಬೂಟು. ಮೂತಿಗೆ ಗಟ್ಟಿ ಪ್ಲಾಸ್ಟಿಕ್ಕು, ಲೇಸಿಗೆ ಬಟ್ಟೆಯ ಕುಣಿಕೆ, ಅಟ್ಟೆ ಪೂರ್ತಿ ದಾರದ ಹೊಲಿಗೆ ಮತ್ತು ಅಂಟು. ಗಿಣ್ಣಿನ ಮೇಲೆ ನಾಲ್ಕು ಬೆರಳು ಬರುತ್ತದೆ, ಕಲ್ಲಿನಲ್ಲಿ ಕಾಲು ಉಳುಕುವುದಿಲ್ಲ. ದಪ್ಪ ಕಾಲುಚೀಲ ಹಾಕಿಸಿ ತೊಡಿಸಿದೆ. ಬಲಗಾಲಿಗೆ ಹೇಳಿ ಮಾಡಿಸಿದಂತೆ ಕೂತಿತು. ಎಡಗಾಲಿಗೆ ಮಾತ್ರ ಮಾಷ್ಟ್ರು ಮುಖ ಕಿವುಚಿದರು. ನಾನು ಪಾದವನ್ನು ಅಂಗೈಯಲ್ಲಿಟ್ಟು ನೋಡಿದೆ. ಎಡಪಾದ ಚಪ್ಪಟೆ, ಅಂಗಾಲಿನ ಕಮಾನು ಪೂರ್ತಿ ಕುಸಿದಿತ್ತು. ಅದಕ್ಕೇ ಈ ಮನುಷ್ಯ ಹತ್ತು ಹೆಜ್ಜೆ ನಡೆದರೆ ಸಿಡುಕುವುದು ಎಂದುಕೊಂಡೆ.

"ಇದರೊಳಗೆ ಬೆಂಡಿನ ದಿಂಬು ಕೂರಿಸಿಕೊಡ್ತೀನಿ. ನಾಳೆ ಬನ್ನಿ. ಆಮೇಲೆ ದಿನವಿಡೀ ನಡೆದರೂ ನೋಯಲ್ಲ," ಎಂದೆ.

ಅವರ ಪಾದ ಇನ್ನೂ ನನ್ನ ಅಂಗೈಯಲ್ಲೇ ಇತ್ತು. ಅಂಗಡಿಯಲ್ಲಿ ಒಬ್ಬಳು ನರ್ಸು, ಇಬ್ಬರು ಡ್ರೈವರುಗಳು ತಮ್ಮ ಸರದಿಗೆ ಕಾಯುತ್ತಿದ್ದರು. ಮಾಷ್ಟ್ರು ಅವರ ಕಡೆ ತಿರುಗಿ, "ನೋಡಿದ್ರಾ, ನಮ್ಮ ಷಡ್ಡಕ. ಕಂಡವರ ಕಾಲು ಹಿಡಿದೇ ಮೇಲೆ ಬಂದ" ಎಂದರು. ಹದಿನೆಂಟು ವರ್ಷದಲ್ಲಿ ಒಂದು ಹೊಸ ಮಾತು ಕೂಡ ಹುಟ್ಟಿರಲಿಲ್ಲ. ಆದರೂ ಆ ಮೂವರೂ ನಕ್ಕರು, ನಾನೂ ಹಲ್ಲು ಕಿರಿದೆ. ಗಿರಾಕಿ ನಕ್ಕಾಗ ಅಂಗಡಿಯವನು ನಗಬೇಕು.

ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಎಡಬೂಟಿನ ಒಳಅಟ್ಟೆ ಎಬ್ಬಿಸಿದೆ. ಬೆಂಡನ್ನು ಕೆತ್ತಿ, ಉಜ್ಜಿ, ಅವರ ಪಾದದ ಕುಸಿತಕ್ಕೆ ಸರಿಯಾಗಿ ದಿಂಬು ಮಾಡಿದೆ. ನನ್ನ ಕಸುಬಿನ ಮೇಲಾಣೆ, ಅಷ್ಟು ಒಳ್ಳೆಯ ದಿಂಬನ್ನು ನಾನು ಯಾರಿಗೂ ಮಾಡಿಲ್ಲ. ಆಮೇಲೆ ಅದರ ಅಡಿಯಲ್ಲಿ ಎರಡು ಬೆರಳಗಲದ ಹಿತ್ತಾಳೆ ತಗಡು ಇಟ್ಟು ಅಂಟು ಹಾಕಿ ಮುಚ್ಚಿದೆ. ಹಳೆಯ ಬಾಗಿಲ ಹಿಡಿಯಿಂದ ಬಿಚ್ಚಿಟ್ಟಿದ್ದ ತಗಡು ಅದು.

ಹಿತ್ತಾಳೆ ಯಾಕೆಂದರೆ, ಮಾಷ್ಟ್ರು ಅಯಸ್ಕಾಂತ ತರುತ್ತಾರೆಂದು ನನಗೆ ಗೊತ್ತಿತ್ತು. ತಂದರು ಕೂಡ. ಮಾರನೆಯ ದಿನ ಶಾಲೆಯ ಕಾಲದ ಕೆಂಪು ಬಣ್ಣದ ಲಾಳದಾಕಾರದ ಅಯಸ್ಕಾಂತವನ್ನು ಜೇಬಿನಿಂದ ತೆಗೆದು, ಬೂಟಿನ ಮೂತಿಯಿಂದ ಹಿಮ್ಮಡಿಯವರೆಗೆ ಮೆಲ್ಲಗೆ ಸವರಿದರು. ಎಲ್ಲೂ ಅಂಟಲಿಲ್ಲ. "ಪರೀಕ್ಷೆ ಮಾಡದೆ ನಾನು ಏನನ್ನೂ ಒಪ್ಪಲ್ಲ" ಎಂದು ಅಂಗಡಿಯಲ್ಲಿದ್ದವರಿಗೆಲ್ಲ ಪಾಠ ಹೇಳಿ, ಬೂಟು ತೊಟ್ಟು, ನಾಲ್ಕು ಹೆಜ್ಜೆ ನಡೆದರು. ಅವರ ಮುಖ ಸಡಿಲವಾಯಿತು. ಎಷ್ಟೋ ವರ್ಷದ ನೋವು ಇಳಿದವರ ಮುಖ ಹಾಗಾಗುತ್ತದೆ. ಬಾಯಲ್ಲಿ ಮಾತ್ರ "ಪರವಾಗಿಲ್ಲ" ಎಂದರು.

ನನ್ನ ಲೆಕ್ಕ ಸರಳವಾಗಿತ್ತು. ಬಯಲಿಗೆ ಹೋಗುತ್ತಾರೆ, ಯಂತ್ರ ಹೆಜ್ಜೆಗೊಮ್ಮೆ ಕೂಗುತ್ತದೆ, ಮಾರನೆಯ ದಿನ ಬೆಂಕಿಯಾಗಿ ಅಂಗಡಿಗೆ ಬರುತ್ತಾರೆ. ಆಗ ಎಲ್ಲರ ಮುಂದೆ ನಾನು ಕೇಳಬೇಕು: "ಅಯ್ಯೋ ಮಾಷ್ಟ್ರೇ, ಹಿತ್ತಾಳೆ ಅಯಸ್ಕಾಂತಕ್ಕೆ ಅಂಟಲ್ಲ ಅಂತ ನಿಮ್ಮ ಪುಸ್ತಕದಲ್ಲಿ ಇರಲಿಲ್ವಾ?" ಒಂದೇ ಒಂದು ವಾಕ್ಯ. ಆಮೇಲೆ ತಗಡು ತೆಗೆದುಕೊಟ್ಟು, ಟೀ ಕುಡಿಸಿ ಕಳಿಸಿದರಾಯಿತು. ಆ ವಾಕ್ಯವನ್ನು ಕನ್ನಡಿಯ ಮುಂದೆ ನಿಂತು ಹೇಳಿ ನೋಡಿಕೊಂಡಿದ್ದೆ.

ಅವರು ಬರಲಿಲ್ಲ.

ಒಂದು ವಾರವಾಯಿತು, ಎರಡು ವಾರವಾಯಿತು. ಬೀಪ್ ಮಂದಿಯಲ್ಲೊಬ್ಬ ವೆಲ್ಡರ್ ಇದ್ದಾನೆ, ನನ್ನ ಹಳೆಯ ಗಿರಾಕಿ. ಅವನನ್ನು ಮಾತಿಗೆಳೆದೆ.

"ನಿಮ್ಮ ಮಾಷ್ಟ್ರಾ? ಮೊದಲ ಎರಡು ದಿನ ಹೆಜ್ಜೆಗೊಂದು ಗುಂಡಿ ತೋಡಿದ್ರು. ಹೆಗ್ಗಣ ಹೊಕ್ಕಂಗಿತ್ತು ಬಯಲು. ಈಗ ತೋಡೋದೇ ಇಲ್ಲ. ಯಂತ್ರ ಕೂಗಿದ್ರೂ ತಲೆ ಅಲ್ಲಾಡಿಸಿಕೊಂಡು ಮುಂದೆ ಹೋಗ್ತಾರೆ," ಎಂದ.

ನನಗೆ ಹೊಟ್ಟೆ ತುಂಬಾ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ರಾತ್ರಿ ಊಟಕ್ಕೆ ಕೂತಾಗ ಅದನ್ನು ನೆನೆದು ಒಬ್ಬನೇ ನಕ್ಕೆ. ಮಾಷ್ಟ್ರಿಗೆ ಬೂಟಿನ ಸಂಗತಿ ಗೊತ್ತಾಗಿದೆ, ಆದರೆ ಬಂದು ಹೇಳಿದರೆ ಅಯಸ್ಕಾಂತದ ಪರೀಕ್ಷೆ ಫೇಲಾದಂತೆ. ಕಾಲಿಗೆ ಸುಖವಿದೆ, ಬಿಸಾಡಲೂ ಮನಸ್ಸಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡು ತಿರುಗುತ್ತಿದ್ದಾರೆ, ತಿರುಗಲಿ ಎಂದುಕೊಂಡೆ.

ಎರಡು ತಿಂಗಳು ಕಳೆದ ಮೇಲೆ ಒಂದು ಸಂಜೆ ನನ್ನ ಹೆಂಡತಿ ಅಕ್ಕನ ಮನೆಯಿಂದ ಅಳುತ್ತ ಬಂದಳು.

"ಅಕ್ಕನ ಕಣ್ಣು ಹೋಗ್ತಿದೆಯಂತೆ. ಒಳಗಿನ ನರ ಒಣಗ್ತಾ ಬಂದಿದೆಯಂತೆ, ಆಪರೇಷನ್ನೂ ಇಲ್ಲ, ಏನೂ ಇಲ್ಲ. ಈ ಬೇಸಿಗೆ ದಾಟಲ್ಲ ಅಂದ್ರಂತೆ ಡಾಕ್ಟ್ರು. ಬೂಟು ತಗೊಳ್ಳೋಕೆ ಮುಂಚೇನೇ ಹೇಳಿದ್ರಂತೆ, ನಮಗೆ ಯಾರಿಗೂ ಹೇಳಿಲ್ಲ ನೋಡು."

"ಬೂಟಿಗೂ ಅದಕ್ಕೂ ಏನು ಸಂಬಂಧ?"

"ಅಕ್ಕ ತಮಾಷೆಗೆ ಅಂದಿದ್ಲಂತೆ. ಒಡವೆ ನೋಡಿದೀನಿ, ಮಣ್ಣಿಂದ ಹಾಗೇ ಎದ್ದು ಬಂದ ಚಿನ್ನ ಹೇಗಿರುತ್ತೆ ಅಂತ ನೋಡಿಲ್ಲ, ಕಣ್ಣು ಹೋಗೋದ್ರೊಳಗೆ ಅದೊಂದು ನೋಡಿದ್ರೆ ಸಾಕು ಅಂತ. ಅವತ್ತಿಂದ ಭಾವ ಬಯಲು ಬಿಟ್ಟು ಬಂದಿಲ್ಲ. ನಾನೇ ಹುಡುಕಿ ತೋರಿಸ್ತೀನಿ ಅಂತ ಹಟ ಹಿಡಿದಿದಾರೆ."

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದ್ದೆ, ಅದು ಬಿದ್ದದ್ದು ನಗದೆ ಅನ್ನ ಬಡಿಸಿದವರ ಮೇಲೆ. ಆ ಕ್ಷಣವೇ ಹೆಂಡತಿಗೆ ಹೇಳಬೇಕಿತ್ತು, ಇಲ್ಲ ಮಾಷ್ಟ್ರ ಮನೆಗೆ ಓಡಬೇಕಿತ್ತು. ನಾನು ಹೇಡಿ. ಓಡಿದ್ದು ಬೇರೆ ದಾರಿಯಲ್ಲಿ.

ಮಾರನೆಯ ದಿನ ಅವರ ಮನೆ ಮುಂದೆ ಹಾದುಹೋಗುವವನಂತೆ ಹೋಗಿ, ಮೆಟ್ಟಿಲ ಮೇಲಿದ್ದ ಬೂಟು ನೋಡಿ, "ಹಿಮ್ಮಡಿ ಒಂದು ಕಡೆ ಸವೆದಿದೆ ಮಾಷ್ಟ್ರೇ. ಕೊಡಿ, ಸರಿಮಾಡಿ ಸಂಜೆಗೆ ತಂದುಕೊಡ್ತೀನಿ" ಎಂದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಬೂಟು ಎತ್ತಿ ಕೊಟ್ಟರು. ಅಂಗಡಿಗೆ ತಂದು ಬಾಗಿಲು ಹಾಕಿಕೊಂಡು ತಗಡು ಕಿತ್ತೆ, ದಿಂಬನ್ನು ಹಾಗೇ ಕೂರಿಸಿದೆ, ಹಿಮ್ಮಡಿಗೆ ಹೊಸ ರಬ್ಬರು ಹಚ್ಚಿದೆ. ಸಂಜೆ ಕೊಟ್ಟು ಬರುವಾಗ ಎದೆ ಹಗುರಾಗಿತ್ತು. ಇನ್ನು ಎರಡು ದಿನದಲ್ಲಿ ಚಿನ್ನ ಸಿಕ್ಕರೂ ಸಿಕ್ಕೀತು, ಪಾಪ ತೊಳೆದುಹೋಯಿತು ಎಂದುಕೊಂಡೆ. ಪಾಪ ತೊಳೆಯುವುದು ಹಿಮ್ಮಡಿಗೆ ರಬ್ಬರು ಹಚ್ಚಿದಷ್ಟು ಸುಲಭವಾಗಿದ್ದರೆ ನನ್ನ ಅಂಗಡಿ ಮುಂದೆ ಸಾಲು ನಿಲ್ಲುತ್ತಿತ್ತು.

ತಿಂಗಳಾಯಿತು, ಏನೂ ಸಿಗಲಿಲ್ಲ. ಅಂಗಡಿಗೆ ರಜೆಯಿದ್ದ ದಿನ, ಮನಸ್ಸು ತಡೆಯದೆ ಅವರ ಜೊತೆ ಬಯಲಿಗೆ ಹೋದೆ. ಮಾಷ್ಟ್ರು ಮರದ ಗೂಟ ನೆಟ್ಟು ದಾರ ಕಟ್ಟಿ ಬಯಲನ್ನು ಪಟ್ಟಿಪಟ್ಟಿಯಾಗಿ ಭಾಗ ಮಾಡಿದ್ದರು, ಒಂದೊಂದು ದಿನಕ್ಕೆ ಒಂದೊಂದು ಪಟ್ಟಿ. ಯಂತ್ರ ಹಿಡಿದು ಶುರುಮಾಡಿದರು. ಬಿಲ್ಲೆ ಬಲಕ್ಕೆ, ಎಡಕ್ಕೆ. ಬಲಗಾಲು, ಎಡಗಾಲು. ನಾನು ಹಿಂದೆ ಹಿಂದೆ ನಡೆದೆ. ಮುಂದಿಟ್ಟ ಎಡಗಾಲಿನ ಪಕ್ಕ ಬಿಲ್ಲೆ ಹಾದಾಗ ಯಂತ್ರ ಸ್ಪಷ್ಟವಾಗಿ ಕೂಗಿತು. ಮಾಷ್ಟ್ರು ನಿಲ್ಲಲೇ ಇಲ್ಲ.

"ಮಾಷ್ಟ್ರೇ, ಕೂಗ್ತಲ್ಲ?"

"ಅದು ಹಾಗೇನೇ. ಎಡಗಾಲು ಮುಂದಿದ್ದಾಗ ಎಡಗಡೆ ಬರೋ ಸದ್ದು ಲೆಕ್ಕಕ್ಕಿಲ್ಲ. ಪ್ರತಿ ಯಂತ್ರಕ್ಕೂ ಒಂದು ಚಾಳಿ ಇರುತ್ತೆ, ಅದನ್ನ ತಿಳ್ಕೊಂಡೋನು ಗೆಲ್ತಾನೆ," ಎಂದರು.

ಬೂಟಿನಲ್ಲಿ ಈಗ ಏನೂ ಇಲ್ಲ. ಈ ಸದ್ದು ನೆಲದ್ದು. ಆದರೆ ಎರಡು ತಿಂಗಳು ಸುಳ್ಳು ಸದ್ದು ಕೇಳಿ ಕೇಳಿ ಅವರ ಎಡಗಿವಿ ಸತ್ತುಹೋಗಿತ್ತು. ತಗಡು ತೆಗೆದ ಮೇಲೆ ಆ ಸದ್ದು ಎಷ್ಟು ಕಡಿಮೆಯಾಗಿದೆ ಎಂಬುದನ್ನೂ ಅವರು ಗಮನಿಸಿರಲಿಲ್ಲ. ಕೇಳಬಾರದು ಎಂದು ತೀರ್ಮಾನಿಸಿದ್ದನ್ನು ಎಣಿಸುವವರು ಯಾರು? ಹೇಳಬೇಕೆಂದರೆ ಎಲ್ಲವನ್ನೂ ಹೇಳಬೇಕು. ಅವತ್ತು ಮೂರು ಸಲ ಹಾಗೆ ಕೂಗಿತು, ಮೂರು ಸಲವೂ ನಾನು ಬಾಯಿ ಮುಚ್ಚಿಕೊಂಡು ಆ ಜಾಗದಲ್ಲಿ ಮೂರು ಕಲ್ಲು ಪೇರಿಸಿ ಗುರುತು ಮಾಡಿದೆ.

ಮಾರನೆಯ ದಿನ ಬೆಳಗ್ಗೆ ವೆಲ್ಡರನ ಯಂತ್ರ ಬೇಡಿ ತಂದು ಮೂರನ್ನೂ ತೋಡಿದೆ. ಮೊದಲನೆಯದು ಬಾಟಲಿ ಮುಚ್ಚಳ, ಎರಡನೆಯದು ತುಕ್ಕು ಹಿಡಿದ ಬೀಗದ ಕೈ. ಮೂರನೆಯದರಲ್ಲಿ, ಒಂದು ಗೇಣು ಆಳದಲ್ಲಿ, ಹುಣಸೆಬೀಜದಷ್ಟು ದೊಡ್ಡ ಚಿನ್ನ. ಹೊಳೆಯುತ್ತಿರಲಿಲ್ಲ; ಮಣ್ಣು ಮೆತ್ತಿದ ಹಳದಿ, ಮೈಯೆಲ್ಲ ಗುಳಿ. ಅಂಗೈಯಲ್ಲಿಟ್ಟರೆ ಅದರ ಗಾತ್ರಕ್ಕೆ ಹೊಂದದ ಭಾರ. ಅತ್ತಿಗೆ ನೋಡಬೇಕೆಂದದ್ದು ಇದನ್ನೇ. ನಾನು ಆ ಗುಂಡಿಯ ಪಕ್ಕ ಕೂತು ಅತ್ತುಬಿಟ್ಟೆ.

ಕೊಟ್ಟರೆ ಎಲ್ಲಿ ಸಿಕ್ಕಿತು ಎಂದು ಕೇಳುತ್ತಾರೆ. ನೀವು ದಾಟಿಹೋದ ಜಾಗದಲ್ಲಿ ಎಂದರೆ ಯಾಕೆ ದಾಟಿಹೋದೆ ಎಂಬ ಪ್ರಶ್ನೆ ಬರುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಆರು ದಿನ ಯೋಚಿಸಿದೆ. ಮುಂದಿನ ರಜೆಯ ದಿನ ಅವರು ನಡೆಯಬೇಕಾದ ಪಟ್ಟಿ ಯಾವುದೆಂದು ದಾರ ನೋಡಿ ತಿಳಿದುಕೊಂಡೆ. ಹಿಂದಿನ ಸಂಜೆ ಹೋಗಿ ಆ ಪಟ್ಟಿಯ ಬಲಗಡೆ ಅಂಚಿನಲ್ಲಿ ಚಿನ್ನವನ್ನು ಹೂತು, ಮೇಲೆ ಮೊದಲಿದ್ದಂತೆ ಕಲ್ಲು ಹರಡಿದೆ. ಬಲಗಡೆಯ ಸದ್ದನ್ನು ಅವರು ನಂಬುತ್ತಾರೆ. ತಾವೇ ತೋಡುತ್ತಾರೆ, ತಾವೇ ಎತ್ತುತ್ತಾರೆ, ತಾವೇ ಹೆಂಡತಿಗೆ ತೋರಿಸುತ್ತಾರೆ. ಕಣ್ಣಿಗೆ ಇನ್ನೂ ಎರಡು ಮೂರು ವಾರವಿದೆ ಎಂದು ಡಾಕ್ಟರು ಹೇಳಿದ್ದರಂತೆ.

ಬೆಳಗ್ಗೆ ನಾವು ಹೋಗುವಾಗ ಬಿಸಿಲು ಎದುರಿಗೆ ರಾಚುತ್ತಿತ್ತು. ಮಾಷ್ಟ್ರು ಹಣೆಗೆ ಕೈ ಅಡ್ಡ ಹಿಡಿದು ನೋಡಿ, "ಇವತ್ತು ಆ ತುದಿಯಿಂದ ಶುರು ಮಾಡೋಣ, ಸೂರ್ಯ ಬೆನ್ನಿಗಿರ್ತಾನೆ" ಎಂದರು.

ಬೇಡ ಎನ್ನಲು ನನ್ನ ಹತ್ತಿರ ಒಂದು ಕಾರಣವಾದರೂ ಇರಬೇಕಲ್ಲ. ಆ ತುದಿಯಿಂದ ನಡೆದರೆ ನನ್ನ ಬಲಗಡೆ ಅವರ ಎಡಗಡೆ. ದೇವರೇ, ಬಲಗಾಲು ಮುಂದಿರುವಾಗ ಕೂಗಲಿ ಎಂದು ಬೇಡಿಕೊಳ್ಳುತ್ತ ಹಿಂದೆ ನಡೆದೆ. ದೇವರು ಬೀಪ್ ಮಂದಿಯ ಪೈಕಿ ಅಲ್ಲ. ಅವರ ಎಡಗಾಲು ಮುಂದೆ ಬಿತ್ತು, ಬಿಲ್ಲೆ ಎಡಕ್ಕೆ ಹೊರಳಿತು, ಯಂತ್ರ ಕಿರುಚಿತು. ಮಾಷ್ಟ್ರು ಬಲಗಾಲು ಎತ್ತಿ ಮುಂದಿಟ್ಟರು.

"ತೋಡಿ ಮಾಷ್ಟ್ರೇ!"

ಅವರು ತಿರುಗಿದರು.

"ಹೇಳಿದ್ನಲ್ಲ, ಎಡಗಡೆ ಸದ್ದು..."

"ಬೂಟಲ್ಲಿ ಏನೂ ಇಲ್ಲ. ಅದು ನೆಲದ ಸದ್ದು. ತೋಡಿ, ನಿಮ್ಮ ಕಾಲಿಗೆ ಬೀಳ್ತೀನಿ."

ಮಾಷ್ಟ್ರು ಯಂತ್ರದ ಗುಂಡಿ ಒತ್ತಿ ಆರಿಸಿದರು. ಅವರು ಕೂಗಾಡಿದ್ದರೆ ಒಳ್ಳೆಯದಿತ್ತು.

"ಇತ್ತಲ್ಲ. ಹಿತ್ತಾಳೆ," ಎಂದರು.

"ಹಿತ್ತಾಳೆ ಅಂತಾನೂ ಗೊತ್ತಿತ್ತಾ?"

"ಮೊದಲನೇ ದಿನವೇ ಗೊತ್ತಾಯ್ತು. ಅಯಸ್ಕಾಂತಕ್ಕೆ ಅಂಟಲಿಲ್ಲ, ಯಂತ್ರ ಕೂಗ್ತು. ಮೂವತ್ತು ವರ್ಷ ಏನು ಮಣ್ಣು ಹೊತ್ತಿದ್ನಾ ನಾನು?"

"ಮತ್ತೆ ಯಾಕೆ ಬರಲಿಲ್ಲ ಅಂಗಡಿಗೆ? ಒಂದೇ ಸಲ ಬಂದಿದ್ರೆ ತೆಗೆದುಕೊಡ್ತಿದ್ದೆ!"

"ನೀನು ನಗೋದನ್ನ ನೋಡೋಕೆ ಬರಬೇಕಿತ್ತಾ?"

ಇಬ್ಬರ ಜಂಬವೂ ಒಂದೇ ಅಚ್ಚಿನದು ಎಂದು ಆಗ ನನಗೆ ಹೊಳೆಯಿತು. ಅವರು ಜೇಬಿನಿಂದ ತಮ್ಮ ಪುಟ್ಟ ನೋಟ್‌ಬುಕ್ ತೆಗೆದರು.

"ಇಟ್ಟಿದ್ದು ಗೊತ್ತಿತ್ತು. ತೆಗೆದಿದ್ದು ಗೊತ್ತಿರಲಿಲ್ಲ. ಯಾವಾಗ ತೆಗೆದೆ?"

"ಹಿಮ್ಮಡಿ ಮಾಡಿಕೊಟ್ಟಾಗ."

ಅವರು ಹಾಳೆ ತಿರುವಿ ದಿನ ಎಣಿಸಿದರು. "ಮೂವತ್ತೆಂಟು ದಿನ," ಎಂದರು. ಆ ಮೂವತ್ತೆಂಟು ಹಾಳೆಗಳಲ್ಲೂ ಲೆಕ್ಕಕ್ಕೆ ಹಿಡಿದ ಸದ್ದುಗಳ ಜಾಗ, ಆಳ, ಸಿಕ್ಕಿದ್ದೇನು ಎಂಬುದೆಲ್ಲ ಚೆಂದದ ಅಕ್ಷರದಲ್ಲಿತ್ತು. ಎಡಗಾಲಿನ ಸದ್ದಿನ ಸಾಲು ಖಾಲಿ. ದಾಟಿಬಂದ ಜಾಗಗಳನ್ನು ಹುಡುಕಿಕೊಂಡು ಹೋಗಲು ಒಂದು ಗುರುತೂ ಇರಲಿಲ್ಲ.

ಆಮೇಲೆ ಮಂಡಿಯೂರಿ ತೋಡಿದರು. ಎರಡೇ ಸಲ ಸಲಿಕೆ ಹಾಕಿದ್ದಕ್ಕೆ ಚಿನ್ನ ಬಂತು. ಅದನ್ನು ಬೆರಳಲ್ಲಿ ಉಜ್ಜಿದರು. ಒಂದು ಗಳಿಗೆ, ಒಂದೇ ಗಳಿಗೆ, ಅವರ ಮುಖ ಮಗುವಿನಂತಾಯಿತು. ಮರುಕ್ಷಣ ಗುಂಡಿಯ ಮಣ್ಣನ್ನು ಚಿವುಟಿ ನೋಡಿದರು. ಸಡಿಲ ಮಣ್ಣು.

"ಇದನ್ನೂ ನೀನೇ ಇಟ್ಟೆಯಾ?"

"ಇದೇ ಬಯಲಿನದು ಮಾಷ್ಟ್ರೇ! ಹೋದ ವಾರ ನೀವು ದಾಟಿಹೋದ ಜಾಗದಲ್ಲೇ ಸಿಕ್ಕಿದ್ದು. ಮಣ್ಣಿಂದ ಎದ್ದಿದ್ದೇ. ತಗೊಂಡು ಹೋಗಿ ಅತ್ತಿಗೆಗೆ ತೋರಿಸಿ. ಯಾರು ಹುಡುಕಿದ್ರೇನು?"

"ನಾನು ಹುಡುಕಿ ತೋರಿಸ್ತೀನಿ ಅಂದಿದ್ದೆ," ಎಂದು ಅವರು ಎದ್ದು ಬಂದು ಆ ಚಿನ್ನವನ್ನು ನನ್ನ ಅಂಗಿಯ ಜೇಬಿಗೆ ಹಾಕಿದರು. ಕಲ್ಲಿನ ಮೇಲೆ ಕೂತು ಬೂಟಿನ ಲೇಸು ಬಿಚ್ಚಿದರು. ಎರಡೂ ಬೂಟುಗಳನ್ನು ಜೋಡಿಸಿ ನನ್ನ ಮುಂದಿಟ್ಟು, ಬರೀ ಕಾಲುಚೀಲದಲ್ಲಿ ಆ ಚೂಪು ಕಲ್ಲುಗಳ ಮೇಲೆ ರಸ್ತೆಯವರೆಗೆ ನಡೆದರು. ಸುಮಾರು ಒಂದು ಮೈಲಿ. ನಾನು ಬೂಟು ಎತ್ತಿಕೊಂಡು ಹಿಂದೆ ಹಿಂದೆ ಗೋಗರೆಯುತ್ತ ಓಡಿದೆ. ಅರ್ಧ ದಾರಿಯಿಂದ ಕಲ್ಲುಗಳ ಮೇಲೆ ಎಡಗಾಲಿನ ರಕ್ತ ಕಾಣತೊಡಗಿತು. ಅವರು ತಿರುಗಿ ನೋಡಲಿಲ್ಲ.

ಗಾಯ ಕೀವಾಯಿತು. ಜ್ವರ ಬಂತು. ಮೂರು ವಾರ ಮಾಷ್ಟ್ರು ಹಾಸಿಗೆ ಬಿಟ್ಟು ಏಳಲಿಲ್ಲ. ಆ ಮೂರು ವಾರದಲ್ಲೇ ಅತ್ತಿಗೆಯ ಕಣ್ಣೂ ಹೋಯಿತು.

ಕೊನೆಗೆ ನಾನು ಹೋದೆ, ಚಿನ್ನ ಜೇಬಿನಲ್ಲಿಟ್ಟುಕೊಂಡು. ನೋಡಲಾಗದಿದ್ದರೂ ಮುಟ್ಟಲಿ ಎಂಬ ಒಂದೇ ಆಸೆ. ಅತ್ತಿಗೆ ಹಿತ್ತಲ ಕಡೆಯ ಕಿಟಕಿಯ ಪಕ್ಕ ಕೂತು ಒಗೆದ ಬಟ್ಟೆಗಳನ್ನು ತಡವಿ ತಡವಿ ಮಡಿಸುತ್ತಿದ್ದರು. ಮಾಷ್ಟ್ರು ಎದುರಿನ ಕುರ್ಚಿಯಲ್ಲಿ, ಬ್ಯಾಂಡೇಜು ಸುತ್ತಿದ ಕಾಲನ್ನು ಸ್ಟೂಲಿನ ಮೇಲಿಟ್ಟು ಕೂತಿದ್ದರು. ನನ್ನನ್ನು ನೋಡಿ ಮುಖ ತಿರುಗಿಸಿದರು.

"ಬೂಟಂಗಡಿ ಬಂದ್ನಾ? ಹೆಜ್ಜೆ ಸದ್ದಲ್ಲೇ ಗೊತ್ತಾಯ್ತು ನೋಡು. ಕೂತ್ಕೊಳೋ," ಎಂದು ಅತ್ತಿಗೆ ನಕ್ಕರು. "ಬೆಳಕು ಮಾತ್ರ ಗೊತ್ತಾಗುತ್ತೆ ಕಣೋ, ಬೇರೇನೂ ಇಲ್ಲ. ಹೋಗಲಿ ಬಿಡು. ಇವರು ಪಾಪ, ಎಷ್ಟು ಒದ್ದಾಡಿದ್ರು. ಆ ಬಯಲಲ್ಲಿ ಚಿನ್ನವೇ ಇಲ್ವಂತೆ. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು. ಇದ್ದೂ ಸಿಗಲಿಲ್ಲ ಅಂದಿದ್ರೆ ಹೊಟ್ಟೆ ಉರೀತಿತ್ತು."

ನನ್ನ ಕೈ ಆಗಲೇ ಜೇಬಿನಿಂದ ಹೊರಗೆ ಬಂದಿತ್ತು. ತಡೆದುಕೊಳ್ಳಲಾಗಲಿಲ್ಲ. ಅವರ ಅಂಗೈ ಬಿಡಿಸಿ ಅದನ್ನು ಇಟ್ಟೆ.

"ಏನೋ ಇದು?" ಅವರು ಅದನ್ನು ಬೆಳಕಿನ ಕಡೆ ಹಿಡಿದರು, ಕಣ್ಣು ಕಿರಿದು ಮಾಡಿದರು, ಮತ್ತೆ ಅಗಲ ಮಾಡಿದರು.

ನಾನು ಮಾಷ್ಟ್ರನ್ನು ನೋಡಿದೆ. ಅವರು ಮೊದಲ ಸಲ ಬಾಯಿ ಬಿಟ್ಟರು.

"ಕೇಳ್ತಿದಾಳಲ್ಲ, ಹೇಳಯ್ಯಾ. ಏನದು?"

ಚಿನ್ನ ಎಂದರೆ ಎಲ್ಲಿಯದು ಎನ್ನುತ್ತಾರೆ. ಬಯಲಿನದು ಎಂದರೆ ಮಾಷ್ಟ್ರು ಸುಳ್ಳು ಹೇಳಿದಂತಾಗುತ್ತದೆ, ಅತ್ತಿಗೆಗೆ ಇದ್ದೂ ಸಿಗದಂತಾಗುತ್ತದೆ. ಯಾಕೆ ಸಿಗಲಿಲ್ಲ ಎಂದು ಕೇಳಿದರೆ ನನ್ನ ತಗಡು ಹೊರಗೆ ಬರುತ್ತದೆ. ಇಷ್ಟೆಲ್ಲ ಯೋಚಿಸಿದೆ ಎಂದು ಈಗ ಹೇಳುತ್ತಿದ್ದೇನೆ. ನಿಜ ಹೇಳಬೇಕೆಂದರೆ ಮೊದಲು ನೆನಪಾದದ್ದು ತಗಡೇ.

"ಕಲ್ಲು, ಅತ್ತಿಗೆ," ಎಂದೆ. "ಬೂಟಿನ ಅಟ್ಟೆಯಲ್ಲಿ ಸಿಕ್ಕಿಹಾಕ್ಕೊಂಡಿತ್ತು."

"ಅಯ್ಯೋ, ಇಷ್ಟೇ ಇಷ್ಟಿದೆ, ಎಷ್ಟು ಭಾರ ನೋಡು! ಇದನ್ನ ಕಾಲಡಿ ಇಟ್ಕೊಂಡು ನಡೆದ್ರೆ ಯಾರಿಗೆ ತಾನೇ ನೋಯಲ್ಲ?" ಎಂದು ಅತ್ತಿಗೆ ಅದನ್ನು ಕಿಟಕಿಯ ಸರಳುಗಳ ನಡುವೆ ಹೊರಕ್ಕೆ ಎಸೆದುಬಿಟ್ಟರು. ಹಿತ್ತಲಿಗೆ ಪೂರ್ತಿ ಜಲ್ಲಿಕಲ್ಲು ಸುರಿಸಿದ್ದಾರೆ. ಎಲ್ಲೋ ಒಂದು ಸಣ್ಣ ಸದ್ದಾಯಿತು.

ನಾನು ಎದ್ದೆ.

"ಯಂತ್ರ ಮಾರಿಬಿಟ್ಟೆ," ಎಂದರು ಮಾಷ್ಟ್ರು, ನಾನು ಕೇಳುವ ಮೊದಲೇ. "ಕೈಯಲ್ಲೇ ಹುಡುಕಬೇಕು."

ಹಿತ್ತಲಿಗೆ ಹೋಗಿ ಮಂಡಿಯೂರಿ ಕೂತೆ. ಜಲ್ಲಿಯನ್ನು ಒಂದೊಂದೇ ಎತ್ತಿ ನೋಡಿ ಪಕ್ಕಕ್ಕೆ ಹಾಕತೊಡಗಿದೆ. ಎಲ್ಲವೂ ಮಣ್ಣು ಮೆತ್ತಿದ ಹಳದಿ ಬಣ್ಣವೇ. ಮಂಡಿ ಹರಿಯಿತು, ಉಗುರು ಕಿತ್ತುಬಂತು. ತಲೆಯ ಮೇಲೆ ಕಿಟಕಿಯಲ್ಲಿ ಅತ್ತಿಗೆ ಬಟ್ಟೆ ಮಡಿಸುವುದನ್ನು ನಿಲ್ಲಿಸಿ ಕಿವಿಗೊಟ್ಟರು.

"ಯಾರೋ ಅದು? ನೀನೇನೋ? ಏನೋ ಹುಡುಕ್ತಿದೀಯ ಅಲ್ಲಿ?"

"ಏನಿಲ್ಲ ಅತ್ತಿಗೆ."

"ಸಿಕ್ಕಿದ್ರೆ ನನಗೂ ತೋರ್ಸೋ," ಎಂದರು.